ಗಾದಿಯ ಕೆಳಗಿನ ಮೂರು ಬೆರಳು

ಸುಕ್ಕಾದ ವಸ್ತು ಕಣ್ಣಿಗೆ ಬಿದ್ದರೆ ನನಗೆ ಸಮಾಧಾನವಿರುವುದಿಲ್ಲ. ಅದನ್ನು ನೀವಿ, ಗಾದಿಯ ಕೆಳಗೆ ಸೇರಿಸಿ, ಮೇಲೆ ಮಲಗಿದರೇ ನಿದ್ದೆ. ಹೊನವಾಡದಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ ಕಾಲದಲ್ಲಿ ನನ್ನ ಪ್ಯಾಂಟಿಗೆ ಇಸ್ತ್ರಿ ಮಾಡುತ್ತಿದ್ದುದು ನನ್ನ ಬೆನ್ನೇ. ಈಗ ವಿಜಯಪುರದ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇದ್ದರೂ ಚಟ ಹೋಗಿಲ್ಲ. ಕ್ಯಾಲೆಂಡರಿನ ಹಾಳೆ, ಸೀರೆ ಅಂಗಡಿಯ ಚೀಲ, ಮದುವೆ ಕಾರ್ಡಿನ ಲಕೋಟೆ, ಎಲ್ಲವೂ ಅಲ್ಲಿಗೇ. "ಇನ್ನೀಟು ತುಂಬಿದ್ರ ಗಾದಿ ಏರಾಕ ನಿಚ್ಚಣಿಕಿ ಬೇಕಾಗ್ತೈತಿ ನೋಡ್ರಿ" ಎನ್ನುತ್ತಾಳೆ ಹೆಂಡತಿ ಶಾಂತಾ.

ಮಗಳು ಭಾಗ್ಯ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಾಳೆ. ದ್ರಾಕ್ಷಿಗೊಂಚಲನ್ನು ಅದರ ಮೇಲಿನ ಬಿಳಿ ಪುಡಿ ಅಳಿಸದಂತೆ ಎತ್ತುವ ಮೆತ್ತನೆಯ ರೋಬೋಟ್ ಕೈ ಮಾಡುವುದು ಅವಳ ಪ್ರಾಜೆಕ್ಟು. ಪ್ಲಾಸ್ಟಿಕ್ ಹಾಳೆಯನ್ನು ಬೀಸಣಿಗೆಯಂತೆ ಮಡಚಿ ತೆಳು ಚೀಲದೊಳಗೆ ಹಾಕಿದರೆ ಅದೇ ಒಂದು ಬೆರಳು. ಸಿರಿಂಜಿನಿಂದ ಗಾಳಿ ಎಳೆದರೆ ಮಡಿಕೆಗಳು ಮುದುಡಿ ಬೆರಳು ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ತಿಂಗಳುಗಟ್ಟಲೆ ಮಡಚಿ, ಹರಿದು, ಮತ್ತೆ ಮಡಚಿ, ಕೊನೆಗೆ ಮೂರು ಹಾಳೆಗಳು ಅವಳ ಮನಸ್ಸಿಗೆ ಬಂದಿದ್ದವು.

ಪ್ರಾಜೆಕ್ಟಿನ ಪರೀಕ್ಷೆಯ ದಿನ ಬೆಳಿಗ್ಗೆ ಅವಳು ಮೇಜಿನ ಕೆಳಗೆಲ್ಲ ಹುಡುಕತೊಡಗಿದಳು. "ಅಪ್ಪಾ, ಇಲ್ಲಿ ಮಡಚಿಟ್ಟಿದ್ದ ಹಾಳಿ ಎಲ್ಲಿ ಅದಾವ?"

ಚಹಾದ ಕಪ್ಪು ನನ್ನ ಕೈಯಲ್ಲೇ ನಿಂತಿತು. ಹಿಂದಿನ ಸಂಜೆ, ಯಾರೋ ಸುಕ್ಕು ಮಾಡಿಟ್ಟಿದ್ದಾರೆಂದು ಅವನ್ನು ನೀವಿ ಇಟ್ಟವನು ನಾನೇ. ಗಾದಿ ಎತ್ತಿದೆ. ಮೂರೂ ಚಪಾತಿಯಷ್ಟು ಚಪ್ಪಟೆಯಾಗಿದ್ದವು.

"ಮುಗೀತು" ಎಂದು ಭಾಗ್ಯ ಕುಳಿತುಬಿಟ್ಟಳು.

"ಬೈಯೋದು ಸಂಜಿಗೆ ಇಟ್ಕೊಳ್ಳೋಣು," ಎಂದಳು ಶಾಂತಾ. "ಮೊದಲ ಹಾಕಿ ನೋಡ ಬೇ."

ಭಾಗ್ಯ ಹಾಳೆಗಳನ್ನು ಚೀಲಗಳಿಗೆ ತೂರಿಸಿ, ಅವುಗಳ ಬಾಯಿ ಬಿಗಿದು, ಸಿರಿಂಜು ಎಳೆದಳು. ನಾನು ದೇವರ ಕೋಣೆಯ ಕಡೆ ನೋಡುವ ಧೈರ್ಯವನ್ನೂ ಮಾಡಲಿಲ್ಲ. ಮೊದಲು ಏನೂ ಆಗಲಿಲ್ಲ. ಆಮೇಲೆ ಹಳೆಯ ಗೆರೆಗಳಲ್ಲಿ ಒಂದೊಂದೇ ಮಡಿಕೆ ಎದ್ದಿತು. ಮೂರು ಬೆರಳುಗಳೂ ನಿಧಾನ ಬಾಗಿ, ಪರೀಕ್ಷೆಗೆಂದು ತಟ್ಟೆಯಲ್ಲಿಟ್ಟಿದ್ದ ದ್ರಾಕ್ಷಿಗೊಂಚಲನ್ನು ಹಿಡಿದು ಎತ್ತಿದವು. ಪುಡಿ ಹಾಗೇ ಇತ್ತು. ನನ್ನ ಚಹಾ ಆರಿಹೋಗಿತ್ತು, ಆದರೆ ಅಂಥ ರುಚಿಯ ಚಹಾ ನಾನು ಕುಡಿದೇ ಇಲ್ಲ.

ಸಂಜೆ ಭಾಗ್ಯ ನಗುತ್ತಲೇ ಬಂದಳು. "ಭಾರ ಬಿದ್ರ ಮಡಿಕಿ ಉಳೀತಾವೇನು ಅಂತ ಸರ್ ಕೇಳಿದ್ರು. ರಾತ್ರಿಯೆಲ್ಲಾ ಟೆಸ್ಟ್ ಮಾಡೇವ್ರಿ ಅಂದೆ. ಭಾಳ ಖುಷಿ ಆದ್ರು."

ನಾನು ಎದೆಯುಬ್ಬಿಸಿದೆ. ಅಷ್ಟರಲ್ಲಿ ಅವಳು ಪಕ್ಕದ ಮನೆಯಿಂದ ತಂದ ತೂಕದ ಯಂತ್ರವನ್ನು ನನ್ನ ಮುಂದಿಟ್ಟಳು. "ಎಷ್ಟು ಭಾರ ಅಂತ ರಿಪೋರ್ಟಿನ್ಯಾಗ ಬರೀಬೇಕಂತ. ಹತ್ತಪ್ಪಾ."

ಶಾಂತಾ ಅಡುಗೆಮನೆ ಬಿಟ್ಟು ಬಂದು ನಿಂತಳು. ಹತ್ತಿದೆ. ಉಸಿರನ್ನು ಒಳಗೆಳೆದುಕೊಂಡು ಹೊಟ್ಟೆಯನ್ನು ಆದಷ್ಟು ಮಡಚಿಕೊಂಡೆ. ಹೊಟ್ಟೆಯೇನೋ ಬಾಗಿತು, ತೂಕದ ಮುಳ್ಳು ಮಾತ್ರ ಜಗ್ಗಲಿಲ್ಲ.