ಒಂದು ರೂಪಾಯಿಗಿಂತ ಹೆಚ್ಚು ಬೇಡ

ಪಕ್ಷ ಇರುವವರೆಗೆ ಚಂದಾ ಇರುತ್ತದೆ. ಚಂದಾ ಇರುವವರೆಗೆ ಇಂಥವು ಆಗುತ್ತಲೇ ಇರುತ್ತವೆ. ನಾನು ಚಿತ್ತಾಪುರದಲ್ಲಿ ಒಂದು ಪಕ್ಷದ ತಾಲೂಕು ಆಫೀಸಿನ ಕೀಲಿ ಇಟ್ಟುಕೊಂಡಿದ್ದವನು. ಕಸ ಗುಡಿಸುವುದು, ರಸೀದಿ ಬರೆಯುವುದು, ಸುಮ್ಮನಿರುವುದು ನನ್ನ ಕೆಲಸ. ಮೂರನೆಯದಕ್ಕೇ ಪಗಾರ ಕೊಡುತ್ತಿದ್ದರು ಎಂದು ಈಗ ಅನಿಸುತ್ತದೆ.

ನಾವು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಆ ಸಲ ವಿಧಾನಸಭೆಯ ಟಿಕೆಟ್ ಯಾರಿಗೆ ಎಂಬುದನ್ನು ಕಮಿಟಿಯ ಹನ್ನೊಂದು ಮಂದಿ ಹೆಸರು ಬರೆದ ಚೀಟಿ ಹಾಕಿ ತೀರ್ಮಾನಿಸಬೇಕಿತ್ತು. ಕಣದಲ್ಲಿದ್ದವರು ಇಬ್ಬರು. ಇಬ್ಬರೂ ಕಮಿಟಿಯವರೇ. ಒಬ್ಬರು ರಿಟೈರಾದ ಮಾಸ್ತರು. ಇನ್ನೊಬ್ಬ ಶಹಾಬಾದ್ ಕಡೆಯ ಫರಸಿ ಹಾಸುಗಲ್ಲಿನ ಖಣಿ ಸಾಹುಕಾರನ ಅಳಿಯ. ಅವನೇನೂ ಟಿಕೆಟ್ ಕೇಳಿರಲಿಲ್ಲ. ಮಾವ ಕೇಳಿದ್ದ.

ಮಾಸ್ತರು ಕೇಳಿದ್ದಕ್ಕೆ ಕಾರಣ ಒಂದೇ. ಖಣಿಯಲ್ಲಿ ಕಲ್ಲು ಎಬ್ಬಿಸುವವರ ಗುಡಿಸಲುಗಳಿಗೆ ಬಾವಿ ಇರಲಿಲ್ಲ. ಬಿಟ್ಟ ಖಣಿಯ ಗುಂಡಿಯಲ್ಲಿ ನಿಂತ ಮಳೆನೀರು ಕುಡಿಯುತ್ತಿದ್ದರು. ಬೇಸಿಗೆಗೊಮ್ಮೆ ವಾಂತಿಭೇದಿ, ಮೂರೋ ನಾಲ್ಕೋ ಹೆಣ. ಆರಿಸಿ ಬಂದರೆ ಮೊದಲು ಅಲ್ಲೊಂದು ಬಾವಿ ಎಂದು ಮಾಸ್ತರು ಹೇಳಿದ್ದರು.

ಹೊಸ ನೋಟು

ಮಾಸ್ತರ ನಿಯಮ: ಒಬ್ಬರಿಂದ ಒಂದು ರೂಪಾಯಿಗಿಂತ ಹೆಚ್ಚು ಚಂದಾ ಬೇಡ. ಸಾಹುಕಾರ ಅವರ ಬಳಿಗೂ ಒಂದು ರೂಪಾಯಿ ನೋಟುಗಳ ಒಂದು ಕಟ್ಟು ತಂದ. ಗೆದ್ದವರು ಯಾರೇ ಆಗಲಿ, ತನ್ನವರಾಗಿರಬೇಕು ಎಂಬುದು ಅವನ ಲೆಕ್ಕ.

"ಒಂದು ನೋಟು ಇಡ್ರಿ, ಉಳದದ್ದು ಒಯ್ರಿ" ಎಂದರು ಮಾಸ್ತರು.

ಸಾಹುಕಾರ ಪೂರಾ ಒಯ್ದ. ಮರುದಿನ ಖಣಿಯ ನಲವತ್ತು ಆಳುಗಳು ಸಾಲಾಗಿ ಬಂದು ನಿಂತರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ರೂಪಾಯಿಯ ಹೊಸ ನೋಟು. ಮಾಸ್ತರು ನಂಬರು ನೋಡಿದರು. ಎಲ್ಲ ಒಂದರ ಹಿಂದೊಂದು.

"ಇವೆಲ್ಲ ಒಂದ ತಾಯಿ ಮಕ್ಕಳು ಕಾಣ್ತಾವ. ವಾಪಸ್ ಒಯ್ರಿ."

ಮುಂದೆ ನಿಂತಿದ್ದ ಮುದುಕ ಕೈ ಮುಗಿದ. "ಹಂಗ ಅನಬ್ಯಾಡ್ರಿ ಮಾಸ್ತರ. ರಸೀದಿ ಒಯ್ದು ತೋರಿಸಿದ್ರ ಇವತ್ತಿನ ಹಾಜರಿ. ಇಲ್ದಿದ್ರ ಪಗಾರಿಲ್ಲ ಅಂದಾರ್ರಿ."

ಮಾಸ್ತರು ರಸೀದಿ ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಆಮೇಲೆ "ಬರಿಯೋ" ಎಂದರು. ನಲವತ್ತು ರಸೀದಿ ಬರೆದೆ. ಸಂಜೆ ಆ ನಲವತ್ತು ರೂಪಾಯಿಯನ್ನು ಸಾಹುಕಾರನಿಗೇ ಮನಿಯಾರ್ಡರ್ ಮಾಡಿಸಿದರು. ಮನಿಯಾರ್ಡರಿನ ಕಮಿಷನ್ನು ಅವರ ಪೆನ್ಷನ್ನಿನಿಂದ ಹೋಯಿತು. ದೊಡ್ಡವರ ಚಂದಾ ಬಂದು ಲುಕ್ಸಾನಾದ ಪಕ್ಷದ ಮನುಷ್ಯನನ್ನು ನಾನು ಅವರೊಬ್ಬರನ್ನೇ ನೋಡಿದ್ದು.

ಬಾಗಿಲು

ಸಾಹುಕಾರ ಬಿಡಲಿಲ್ಲ. ಆಫೀಸಿಗೆ ಒಂದು ಲಾರಿ ಫರಸಿ ಕಲ್ಲು ಕಳಿಸಿದ. "ಪಕ್ಷಕ್ಕ ಕೊಟ್ಟಿಲ್ರಿ, ನೆಲಕ್ಕ ಕೊಟ್ಟೀನಿ. ನೆಲ ಯಾವ ಪಕ್ಷ?" ಎಂದ. ಕಮಿಟಿಗೆ ಈ ಮಾತು ಭಾಳ ಸೇರಿತು.

ಹಳೆಯ ಮಣ್ಣು ನೆಲದ ಮೇಲೆಯೇ ಕಲ್ಲು ಹಾಸಿದರು. ನೆಲ ನಾಲ್ಕು ಬೆರಳು ಮೇಲೆ ಬಂತು. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಕಲ್ಲು ಹಾಸಿದ ಗೌಂಡಿ ಒಳಗೇ ಸಿಕ್ಕಿಬಿದ್ದ. ಅವನನ್ನು ಕಿಟಕಿಯ ಸರಳು ಕಿತ್ತು ಹೊರಗೆ ಎಳೆದೆವು.

ಕಲ್ಲು ತೆಗೆಸೋಣ ಎಂದೆ. "ದಾನ ಕೊಟ್ಟವರಿಗೆ ಬ್ಯಾಸರಾಗ್ತದ" ಎಂದರು ಅಧ್ಯಕ್ಷರು. ಬಡಿಗನನ್ನು ಕರೆಸಿ ಬಾಗಿಲಿನ ಕೆಳಭಾಗ ಕೊಯ್ಯಿಸಿದರು. ಅವನು ಒಂದು ಗೇಣು ಕೊಯ್ದ. ಅಂದಿನಿಂದ ಓಣಿಯ ಕೋಳಿಗಳೆಲ್ಲ ಒಳಗೇ ಮೊಟ್ಟೆ ಇಟ್ಟವು. ಮಾಸ್ತರು ಮಾತ್ರ ಆ ಕಲ್ಲು ತುಳಿಯಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಕುಳಿತು ಮೀಟಿಂಗ್ ಕೇಳುತ್ತಿದ್ದರು. ಒಳಗೆ ಕೋಳಿ, ಹೊರಗೆ ಮಾಸ್ತರು. ಠರಾವು ಮಾತ್ರ ಸರ್ವಾನುಮತ.

ಸಾಮಾನು

ಚೀಟಿ ಹಾಕಿಸಲು ಬೆಂಗಳೂರಿನಿಂದ ವೀಕ್ಷಕರು ಬಂದರು. ಅವರನ್ನು ಕರೆತರಲು ವಾಡಿ ಜಂಕ್ಷನ್ನಿಗೆ ಮಾಸ್ತರು ಮತ್ತು ನಾನು ಬಸ್ಸಿನಲ್ಲಿ ಹೋದೆವು. ಸಾಹುಕಾರ ಕಾರಿನಲ್ಲಿ ಬಂದ.

"ನಾನು ನಿಷ್ಪಕ್ಷಪಾತಿ. ಯಾರ ಕಾರನ್ನೂ ಹತ್ತೋದಿಲ್ಲ" ಎಂದರು ವೀಕ್ಷಕರು. ನಮಗೆ ಜೀವ ಬಂತು.

"ಸಾಮಾನರೆ ಇಡ್ರಿ. ಸಾಮಾನಿಗೆ ಪಕ್ಷ ಎಲ್ಲಿರ್ತದ?" ಎಂದ ಸಾಹುಕಾರ.

ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಕಾರಿಗೆ ಹೋದವು. ವೀಕ್ಷಕರು ನಮ್ಮ ಜೊತೆ ಬಸ್ಸಿನಲ್ಲಿ ಬಂದರು. ದಾರಿಯುದ್ದಕ್ಕೂ ಪಕ್ಷದ ಹಣ ಶುದ್ಧವಾಗಿರಬೇಕು ಎಂದು ಮಾಸ್ತರಿಗೆ ಪಾಠ ಹೇಳಿದರು. ಚಿತ್ತಾಪುರದಲ್ಲಿ ಇಳಿದು ನೋಡಿದರೆ ಟ್ರಂಕು, ಸುರುಳಿ, ಜೊತೆಗೆ ಒಂದು ದೊಡ್ಡ ತುಪ್ಪದ ಡಬ್ಬಿ.

"ಎರಡಿತ್ತಲ್ಲ, ಮೂರು ಹೇಗಾಯಿತು?" ಎಂದರು ವೀಕ್ಷಕರು.

"ರಸ್ತಾ ಭಾಳ ಖರಾಬ್ ಅದರಿ. ಕುಲುಕಿ ಕುಲುಕಿ ಹೆಚ್ಚಾಗಿರಬೇಕು."

ವೀಕ್ಷಕರು ಡಬ್ಬಿ ಎತ್ತಿ ತೂಕ ನೋಡಿದರು. "ಹೌದು, ರಸ್ತೆ ಚೆನ್ನಾಗಿಲ್ಲ" ಎಂದರು.

ಉಪ್ಪು

ಅಷ್ಟರಲ್ಲಿ ಕಮಿಟಿಯ ಉಳಿದ ಒಂಬತ್ತು ಮಂದಿಗೂ ಸಾಹುಕಾರನಿಂದ ಒಂದೊಂದು ಡಬ್ಬಿ ಕುಸುಬಿ ಎಣ್ಣೆ, ಒಂದೊಂದು ಜೋಡಿ ಧೋತರ ಮುಟ್ಟಿದ್ದವು. ಚೀಟಿ ಹಾಕುವ ದಿನ ಮುಂಜಾನೆ ಅವರಲ್ಲಿ ಹಿರಿಯರು, ಬಟ್ಟೆ ಅಂಗಡಿಯ ಚಾಚಾ, ಹೊಸ ಧೋತರ ಉಟ್ಟೇ ಮಾಸ್ತರ ಮನೆಗೆ ಬಂದರು.

"ಮಾಸ್ಟರ್ ಸಾಬ್, ನಿಮ್ಮಂಥ ಮನುಷ್ಯಾ ಈ ತಾಲೂಕಿನಾಗ ಇಲ್ಲ. ಆದ್ರ ನಾವು ಅವರ ನಮಕ್ ತಿಂದೀವಿ. ಈಗ ನಿಮಗ ಹಾಕಿದ್ರ ಬೇಮಾನಿ ಆಗ್ತದ."

"ನಮಕ್ ಎಲ್ಲಿ ತಿಂದೀರಿ ಚಾಚಾ? ಎಣ್ಣಿ ತಿಂದೀರಿ."

"ಉಪ್ಪಿಲ್ದ ಎಣ್ಣಿ ಹೆಂಗ ತಿನ್ನಬೇಕ್ರಿ? ಉಪ್ಪು ನಮ್ಮ ಮನೀದ ಹಾಕೀವಿ. ಆದ್ರೂ ಋಣ ಅವರದ."

ಮಾಸ್ತರ ಹೆಂಡತಿ ಚಹಾ ಕೊಟ್ಟರು. ಚಾಚಾ ಲೋಟ ಮುಟ್ಟಲಿಲ್ಲ. "ಬ್ಯಾಡ ಅಕ್ಕಾ, ಇದನ್ನೂ ಕುಡದ್ರ ಲೆಕ್ಕ ಸಿಗಂಗಿಲ್ಲ."

ಚೀಟಿ

ಆ ದಿನ ಮಾಸ್ತರು ಮೊದಲ ಸಲ ಆ ಕಲ್ಲಿನ ಮೇಲೆ ಕಾಲಿಟ್ಟರು. ಚೀಟಿ ಹಾಕಬೇಕಿತ್ತಲ್ಲ.

ಹನ್ನೊಂದು ಮಂದಿ ಹೆಸರು ಬರೆದು ಡಬ್ಬದಲ್ಲಿ ಹಾಕಿದರು. ವೀಕ್ಷಕರು ಓದಿದರು, ನಾನು ಗೆರೆ ಎಳೆದೆ. ಮಾಸ್ತರ ಹೆಸರು ಒಂದು ಬಂತು, ಎರಡು ಬಂತು. ಐದಾಯಿತು. ಎಣ್ಣೆ ಉಂಡವರೇ ಬೇಮಾನಿ ಮಾಡಿದ್ದರು. ನನಗೆ ಅಳು ಬಂತು. ಅಳಿಯನದೂ ಐದು. ಕಡೆಯ ಚೀಟಿ ಉಳಿಯಿತು.

ವೀಕ್ಷಕರು ಅಳಿಯನ ಹೆಸರು ಓದಿದರು. ಚೀಟಿ ನನ್ನ ಕೈಗೆ ಬಂತು. ಮುತ್ತು ಪೋಣಿಸಿದ ಅಕ್ಷರ. ಆ ಅಕ್ಷರ ತಾಲೂಕಿನಲ್ಲಿ ಒಬ್ಬರದೇ. ನಾನು ಸುಮ್ಮನೆ ಗೆರೆ ಎಳೆದೆ.

ಹೊರಗೆ ಬಂದ ಮೇಲೆ ಮಾಸ್ತರನ್ನು ಕೇಳಿದೆ. "ಏನ್ ಮಾಡಿದ್ರಿ ಇದು?"

"ತನ್ನ ಪೇಪರಿಗೆ ತಾನ ಮಾರ್ಕ್ಸ್ ಹಾಕ್ಕೋಬಾರದೋ. ಎದುರಿನವಗ ಹಾಕೋದು ಮರ್ಯಾದಿ" ಎಂದರು. ಖಣಿಯ ದಿಕ್ಕಿಗೆ ನೋಡಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು.

ಹಿಂದಿನಿಂದ ಅಳಿಯ ಓಡಿ ಬಂದ. ಕೊರಳಲ್ಲಿ ಹೂವಿನ ಹಾರ, ಕಣ್ಣಲ್ಲಿ ನೀರು. ನಾಲ್ಕು ಮಂದಿಯ ಮುಂದೆ ನಿಂತರೆ ನಾಲಿಗೆ ಒಣಗುವ ಹುಡುಗ. ಮಾಸ್ತರ ಕೈಕೆಳಗೇ ಕಲಿತವನು.

"ಸರ್, ನಾ ನಿಮಗ ಹಾಕಿದ್ದೆ. ನೀವು ಯಾರಿಗೆ ಹಾಕಿದ್ರಿ?"

"ನಿನಗಪ್ಪಾ."

ಅವನು ಅಲ್ಲೇ ರಸ್ತೆಯಲ್ಲಿ ಕುಕ್ಕರಿಸಿದ.

"ಸರ್, ಜೀವಮಾನದಾಗ ಒಂದ ಸಲ ನೀವು ನನ್ನದು ನೋಡಿ ಕಾಪಿ ಹೊಡದಿದ್ರ, ಇಬ್ಬರೂ ಪಾಸಾಗ್ತಿದ್ವಲ್ರೀ!"