ಓಡುವ ಸೈಕಲ್ಲಿಗೆ ಹೋಳಿಗೆ ಬಡಿಸಿದ್ದು

ಬಾಟಲಿ ಹಿಡಿದು ರಸ್ತೆಯ ಬದಿಯಲ್ಲಿ ನಿಲ್ಲುವುದಕ್ಕೆ ಹೆಚ್ಚಿನ ಓದು ಬೇಕಾಗಿಲ್ಲ ಎಂದುಕೊಂಡೇ ನಾನು ಒಪ್ಪಿದ್ದು. ಮೊಮ್ಮಕ್ಕಳೇ, ನಿಮ್ಮ ಅಕ್ಕ ಶಿವಲೀಲಾ ಕಾಲೇಜಿನ ಸೈಕಲ್ ತಂಡದಲ್ಲಿರುವುದು ನಿಮಗೆ ಗೊತ್ತು. ಜೇವರ್ಗಿ ಕಡೆಯಿಂದ ಒಳರಸ್ತೆಯಲ್ಲಿ ನಮ್ಮ ನೆಲೋಗಿಗೆ ಬಂದು, ನಮ್ಮ ಮನೆಯ ಮುಂದಿನ ಬೇವಿನ ಗಿಡ ಸುತ್ತಿ ಹಿಂದಿರುಗುವ ಪಂದ್ಯ. ತಂಡಗಳು ಒಂದಾದ ಮೇಲೊಂದು ಹೊರಡುತ್ತವೆ. ಕಡಿಮೆ ವೇಳೆಯಲ್ಲಿ ಮುಗಿಸಿದವರು ಕಲಬುರಗಿಯ ಜಿಲ್ಲಾ ಪಂದ್ಯಕ್ಕೆ ಹೋಗುತ್ತಾರೆ. ಅದಕ್ಕಾಗಿ ಶಿವಲೀಲಾ ವರ್ಷವಿಡೀ ಬೆಳಗಿನ ನಿದ್ದೆ ಬಿಟ್ಟಿದ್ದಳು.

"ಆಯಿ, ಛಂದಂಗ ಕೇಳು," ಎಂದು ಆಕೆ ನನಗೆ ಪಾಠ ಮಾಡಿದಳು. "ನಾಕು ಮಂದಿ ಒಬ್ಬರ ಹಿಂದ ಒಬ್ಬರು ಹೋಗ್ತೇವಿ. ಮುಂದಿನಾಕಿ ಗಾಳಿ ತಡೀತಾಳ, ಹಿಂದಿನವರಿಗೆ ಹಗುರಾಗ್ತದ. ಆಕಿ ದಣದ ಮ್ಯಾಲ ಹಿಂದ ಸರೀತಾಳ, ಇನ್ನೊಬ್ಬಾಕಿ ಮುಂದ ಬರ್ತಾಳ. ಮೂರನೇದಾಕಿ ಗೆರಿ ದಾಟಿದಾಗ ಟೈಮ್ ಹಿಡೀತಾರ. ನಾವು ನಿಂದ್ರಂಗಿಲ್ಲ. ನೀ ಬರೇ ನೀರಿನ ಬಾಟಲಿ ಚಾಚು. ತಿಳೀತಿಲ್ಲೋ?"

"ತಿಳೀತು ತಗೋ," ಎಂದೆ. ಲಕ್ಷ್ಯವೆಲ್ಲ ಒಲೆಯ ಮೇಲಿನ ಶೇಂಗಾದ ಮೇಲಿತ್ತು.

ಮನೆಯ ಮುಂದೆ ಬಂದ ಹೆಣ್ಣುಮಕ್ಕಳನ್ನು ಬರೀ ನೀರು ಕೊಟ್ಟು ಕಳಿಸುವುದೆಂದರೆ ಏನು? ಊರವರು ಮುಖಕ್ಕೆ ಉಗುಳುವುದಿಲ್ಲವೇ? ಒಂದು ತಾಟು ಶೇಂಗಾ ಹೋಳಿಗೆ ಮಾಡಿ, ಮೇಲೆ ಧಾರಾಳವಾಗಿ ತುಪ್ಪ ಸುರಿದೆ. ದಣಿದವರಿಗೆ ನೀರಿಗಿಂತ ಜೋಳದ ಅಂಬಲಿ ಉತ್ತಮ ಎಂಬ ಘನವಾದ ಅಭಿಪ್ರಾಯದಿಂದ ಬಾಟಲಿಗಳಿಗೂ ಅದನ್ನೇ ತುಂಬಿದೆ.

ಪಂದ್ಯದ ದಿನ ಪಕ್ಕದ ಮನೆಯ ಖಾಜಾಬಿಯೂ ಬಂದು ನಿಂತಳು. ಆಕೆಯ ಮೊಮ್ಮಗಳು ರೇಷ್ಮಾ ಕೂಡ ನಮ್ಮ ತಂಡದವಳೇ. ಪರಗಂಡಸರೆದುರು ಸೆರಗು ಸರಿಸದ ನಾನು ಅಂದು ತಾಟು ಹಿಡಿದು ತಹಶೀಲ್ದಾರರಂತೆ ರಸ್ತೆಯ ಬದಿಯಲ್ಲಿ ನಿಂತಿದ್ದೆ.

ನಮ್ಮವರು ಬಂದರು. ಎದುರುಗಾಳಿ. ಮುಂದೆ ಶಿವಲೀಲಾ, ಮುಖ ಕೆಂಪಾಗಿದೆ. ಆಕೆಯ ಬೆನ್ನಿಗೇ ರೇಷ್ಮಾ, ಹಗ್ಗ ಕಟ್ಟಿ ಎಳೆತಂದಂತೆ. ನನ್ನ ಹೊಟ್ಟೆ ಉರಿಯಿತು.

"ನೋಡವ್ವಾ ಖಾಜಾಬಿ, ನಿನ್ನ ಮೊಮ್ಮಗಳು ಹ್ಯಾಂಗ ಅಡಗ್ಯಾಳ. ಗಾಳಿ ಎಲ್ಲಾ ನಮ್ಮಾಕಿನೇ ತಿನ್ನಬೇಕೇನು?"

"ಅದು ಆಟದ ರೀತಿ ಅದ ಬೇ. ನಮ್ಮ ಛೋರಿ ನನಗೂ ಹೇಳ್ಯಾಳ. ಸುಮ್ನ ಬಾಟಲಿ ಹಿಡಿ," ಎಂದಳು ಖಾಜಾಬಿ. ಮುಖ ಸಣ್ಣದಾಗಿತ್ತು.

ಸುಮ್ಮನೆ ಹಿಡಿದಿದ್ದರೆ ನಾನು ಇದನ್ನು ಬರೆಯಬೇಕಾಗುತ್ತಿರಲಿಲ್ಲ. ತಾಟಿನ ಸಮೇತ ರಸ್ತೆಯ ನಡುವೆ ಹೋಗಿ ನಿಂತೆ.

"ಶಿವಲೀಲಾ, ಇಳಿ ಕೆಳಗ! ಒಬ್ಬಾಕಿನೇ ಯಾಕ ಸಾಯ್ತಿ? ಅವರು ಮುಂದ ಹೋಗ್ಲಿ. ನೀ ಹೋಳಿಗಿ ತಿನ್ನು."

ಶಿವಲೀಲಾ ತಾಟಿನ ಅಂಚಿಗೆ ಬಂದು ನಿಂತಳು. ಆಕೆಗೆ ಬಡಿಯಬಾರದೆಂದು ಹೊರಳಿದ ರೇಷ್ಮಾ ತೊಗರಿ ಹೊಲದಲ್ಲಿ ಬಿದ್ದಳು. ಉಳಿದಿಬ್ಬರು ಕಾಲೂರಿದರು. ಶಿವಲೀಲಾಳ ಸೈಕಲ್ಲಿನ ಚೈನು ಕಳಚಿತ್ತು. ಸಹಾಯ ಮಾಡಲು ನಾನು ಹ್ಯಾಂಡಲ್ ಹಿಡಿದೆ. ಕೈತುಂಬ ತುಪ್ಪ. ತೊಳೆಯಲೆಂದು ಬಾಟಲಿ ಬಗ್ಗಿಸಿದೆ. ಅಂಬಲಿ! ಒಗ್ಗರಣೆಯೊಂದು ಬಾಕಿ ಉಳಿಯಿತು.

"ನೀವು ಮೂರು ಮಂದಿ ಹೋಗ್ರಿ, ಸಾಕು," ಎಂದಳು ಶಿವಲೀಲಾ. ಕಣ್ಣು ಕಳಚಿದ ಚೈನಿನ ಮೇಲೇ ಇತ್ತು.

ನಿಯಮದ ಪ್ರಕಾರ ಹೋಗಬಹುದಿತ್ತು. ಹೋಗಲಿಲ್ಲ. ರೇಷ್ಮಾ ಮಣ್ಣು ಕೊಡವುತ್ತ ಎದ್ದು ಬಂದು, ತನ್ನ ಅಂಗಿಯ ಚುಂಗಿನಿಂದಲೇ ಹ್ಯಾಂಡಲ್ ಒರೆಸಿದಳು. ಉಳಿದಿಬ್ಬರು ಚೈನು ಹಾಕಿದರು.

"ಗಿಡ ಸುತ್ತಿದ ಕೂಡ್ಲೇ ನನ್ನ ಪಾಳಿ ಇತ್ತು, ಆಯಿ," ಎಂದಳು ರೇಷ್ಮಾ. ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಹೋಗುವಾಗ ಆಕೆಯೇ ಮುಂದೆ, ಶಿವಲೀಲಾ ಕೊನೆಗೆ. ಸ್ವಲ್ಪ ದೂರ ಹೋದ ಮೇಲೆ ರೇಷ್ಮಾ ಬದಿಗೆ ಸರಿದಳು, ಇನ್ನೊಬ್ಬಳು ಮುಂದೆ ಬಂದಳು, ಸಾಲು ಮುರಿಯಲಿಲ್ಲ. ಇಂದು ನಿಮ್ಮ ಹೊಲದ ಕಳೆ, ನಾಳೆ ನಮ್ಮ ಹೊಲದ್ದು ಎಂದು ಮುಯ್ಯಾಳಿಗೆ ಹೋಗಿ ಬದುಕಿದವಳು ನಾನು. ಅದೇ ಪದ್ಧತಿ ಸೈಕಲ್ ಹತ್ತಿ ಬಂದರೆ ಗುರುತೇ ಹತ್ತಲಿಲ್ಲ. ತಿರುವಿನವರೆಗೂ ಅವರು ನಗುವುದು ಕೇಳುತ್ತಿತ್ತು.

ನಮ್ಮ ತಂಡ ಕೊನೆಗೆ ಬಂತು.

ಸಂಜೆ ನಾಲ್ವರೂ ಮನೆಗೆ ಬಂದಾಗ ನಾನು ಜೋಳ ಹುಡುಕುವ ನೆಪದಲ್ಲಿ ಒಳಕೋಣೆ ಸೇರಿದ್ದೆ. ಖಾಜಾಬಿ ಕೈಹಿಡಿದು ಹೊರಗೆಳೆದಳು. ಹುಡುಗಿಯರು ಒಂದೇ ತಾಟಿಗೆ ಕೈಹಾಕಿ ಹೋಳಿಗೆ ತಿನ್ನುತ್ತಿದ್ದರು.

"ತಪ್ಪಾತವ್ವಾ. ನೀ ಅಡಗೀದಿ ಅಂತ ಅಂದೆ," ಎಂದೆ ರೇಷ್ಮಾಳಿಗೆ.

"ಅಡಗಿದ್ದು ಖರೇನ ಅದ, ಆಯಿ," ಎಂದಳು ಬಾಯಿತುಂಬ ಹೋಳಿಗೆ ಇಟ್ಟುಕೊಂಡು. "ಅದನ್ನ ಕಲೀಲಿಕ್ಕೇ ವರ್ಷ ಹಿಡದದ."

"ಕಲಬುರಗಿ ತಪ್ಪಿಹೋತಲ್ಲವ್ವಾ," ಎಂದು ಶಿವಲೀಲಾಳ ಕಡೆ ನೋಡಿದೆ.

"ಹೋತು. ಗೆರಿ ದಾಟಿದ ಮ್ಯಾಲ ನಾಕೂ ಮಂದಿ ಕೂಡೇ ಅತ್ತೇವಿ." ಬೆರಳಿನ ತುಪ್ಪ ನೆಕ್ಕಿದಳು. "ಬರೂ ವರ್ಷ ನೀನೂ ನಮ್ಮ ತಂಡದಾಕಿ. ನಾವು ಬಂದಾಗ ಮನಿಯಾಗಿರು. ಬ್ಯಾರೆ ಕಾಲೇಜಿನವರು ಬಂದಾಗ ತಾಟು ಹಿಡಕೊಂಡು ರಸ್ತೆದಾಗ ನಿಂದ್ರು."

ನಾಲ್ವರೂ ಬಿದ್ದು ಬಿದ್ದು ನಕ್ಕರು. ಖಾಜಾಬಿಯೂ ನಕ್ಕಳು. ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ. ಆ ಬೇರೆ ಕಾಲೇಜಿನವರಿಗೆ ತುಪ್ಪ ಎಷ್ಟು ಹಾಕಬೇಕೆಂದು ಕೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.