ಕಂಬಳಿ ಒದ್ದೆಯಾಗಿತ್ತೇ?

ಜಯಲಕ್ಷ್ಮಮ್ಮ ಆ ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಅಂಗಳದಲ್ಲಿದ್ದ ಕಂಬಳಿಯನ್ನು ಎತ್ತಿ, ಎರಡು ಸಲ ಕೊಡವಿ, ತಂತಿಯ ಮೇಲೆ ಹರವದೇ ಹೋಗಿದ್ದರೆ ಕಾಂತರಾಜನ ಬದುಕಿನ ಪ್ರಶ್ನೆ ಅವನು ಎದ್ದ ಕೂಡಲೇ ತೀರಿಹೋಗುತ್ತಿತ್ತು. ಆದರೆ ನೆಲದ ಮೇಲೆ ಬಿದ್ದ ಬಟ್ಟೆಯನ್ನು ಕಂಡೂ ಕಾಣದ ಹಾಗೆ ಹೋಗುವುದು ಆಕೆಯ ಜಾಯಮಾನದಲ್ಲಿಲ್ಲ. ಹುಣಸೂರಿನ ಆ ಬೀದಿಯಲ್ಲಿ ಯಾರ ಮನೆಯ ಹಪ್ಪಳದ ಮೇಲೆ ಮಳೆಹನಿ ಬಿದ್ದರೂ ಮೊದಲು ಓಡುವವರು ಆಕೆಯೇ.

ಕಂಬಳಿ ಬಿದ್ದಿರಲಿಲ್ಲ, ಅದನ್ನು ಹಾಸಲಾಗಿತ್ತು. ಹಾಸಿದವನು ಕಾಂತರಾಜ.

ಮೂವತ್ತೊಂದು ವರ್ಷದ ಕಾಂತರಾಜ ಆವರೆಗೆ ಝೆರಾಕ್ಸ್ ಅಂಗಡಿ, ವಿಮೆ ಏಜೆಂಟಿಕೆ, ಬಿತ್ತನೆ ಬೀಜದ ಮಳಿಗೆ, ಹೊಗೆಸೊಪ್ಪು ವಿಂಗಡಿಸುವ ಷೆಡ್ಡು ಎಲ್ಲವನ್ನೂ ಹತ್ತಿ ಇಳಿದಿದ್ದ. ಎಲ್ಲೂ ಇದು ನನ್ನದು ಅನ್ನಿಸಿರಲಿಲ್ಲ. ಈಗ ಎರಡು ಕೆಲಸ ಒಟ್ಟಿಗೇ ಬಂದು ಬಾಗಿಲಲ್ಲಿ ನಿಂತಿದ್ದವು. ಒಂದು, ಬೀಚನಹಳ್ಳಿ ಹತ್ತಿರದ ರಿಸಾರ್ಟಿನಲ್ಲಿ ರಿಸೆಪ್ಷನ್ ಕೆಲಸ: ಒಳ್ಳೇ ಸಂಬಳ, ಊಟ, ಕೋಟು. ಇನ್ನೊಂದು, ಚರ್ಚಿನ ಅಯ್ಯನವರು ಹೇಳಿದ ಉಪದೇಶಿ ಕೆಲಸ: ವೀರನಹೊಸಹಳ್ಳಿ ಕಡೆಯ ಹತ್ತು ಹದಿನೈದು ಮನೆಗಳಿಗೆ ವಾರವಾರ ಹೋಗಿ ಪ್ರಾರ್ಥನೆ ನಡೆಸಬೇಕು, ಕಾಯಿಲೆಯವರನ್ನು ವಿಚಾರಿಸಬೇಕು, ಮಕ್ಕಳಿಗೆ ಬೈಬಲ್ ವಾಕ್ಯ ಬಾಯಿಪಾಠ ಮಾಡಿಸಬೇಕು. ಕೊಡುವುದು ಪೆಟ್ರೋಲಿಗೆ ಸಾಕಾದರೆ ಹೆಚ್ಚು. ಎರಡು ಕಡೆಯವರೂ ಶುಕ್ರವಾರ ಸಂಜೆ ಐದರೊಳಗೆ ಉತ್ತರ ಬೇಕೆಂದಿದ್ದರು.

ಉಪದೇಶಿ ಅಂದರೆ ಅವನಿಗೆ ತಾತ. ತಾತ ಅದೇ ಹಳ್ಳಿಗಳನ್ನು ನಲವತ್ತು ವರ್ಷ ಸೈಕಲ್ಲಿನಲ್ಲಿ ಸುತ್ತಿದವರು. ರಜೆಯಲ್ಲಿ ಮೊಮ್ಮಗನನ್ನು ಮುಂದಿನ ಕಂಬಿಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ದಾರಿಯುದ್ದಕ್ಕೂ ತಾತ ಕೀರ್ತನೆಯ ಒಂದು ಸಾಲು ಹೇಳಿದರೆ ಹುಡುಗ ಮುಂದಿನ ಸಾಲು ಹೇಳಬೇಕು, ತಪ್ಪಿದರೆ ತಾತ ಬಾಯಿಮಾತಿಲ್ಲದೆ ಬೆಲ್ಲು ಒತ್ತುತ್ತಿದ್ದರು. ಏರು ಬಂದಾಗ ಪದ್ಯ ಏದುಸಿರು ಬಿಡುತ್ತಿತ್ತು, ಇಳಿಜಾರಿನಲ್ಲಿ ಪದ್ಯವೂ ಸೈಕಲ್ಲಿನ ಜೊತೆ ಓಡುತ್ತಿತ್ತು. ತಲುಪಿದ ಮನೆಯಲ್ಲಿ ಬಿಸಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಹಿಂದಕ್ಕೆ ಬರುವಾಗ ಚಳಿಯಾದರೆ ತಾತನ ಕರಿ ಕಂಬಳಿ.

ತಾತ ಹೇಳುತ್ತಿದ್ದ ಬೈಬಲ್ ಕತೆಗಳಲ್ಲಿ ದೇವರ ಮನಸ್ಸು ತಿಳಿಯಲು ಕಣದಲ್ಲಿ ಉಣ್ಣೆ ಹಾಸಿಟ್ಟವನ ಕತೆಯೊಂದಿತ್ತು. ಬೆಳಿಗ್ಗೆ ನೋಡಿದರೆ ಉಣ್ಣೆ ಇಬ್ಬನಿಯಲ್ಲಿ ನೆನೆದಿತ್ತಂತೆ, ಸುತ್ತಲ ನೆಲ ಒಣಗಿತ್ತಂತೆ. ಕಾಂತರಾಜ ಗುರುವಾರ ಸಂಜೆ ಟ್ರಂಕಿನಿಂದ ತಾತನ ಕಂಬಳಿ ತೆಗೆದು ಅಂಗಳದಲ್ಲಿ ಹಾಸಿ ಪ್ರಾರ್ಥಿಸಿದ್ದ. ಕಂಬಳಿ ಒದ್ದೆಯಾಗಿದ್ದರೆ ಉಪದೇಶಿ, ಒಣಗಿದ್ದರೆ ರಿಸಾರ್ಟು. ತಾಯಿ ಮಗಳ ಬಾಣಂತನಕ್ಕೆಂದು ಪಿರಿಯಾಪಟ್ಟಣಕ್ಕೆ ಹೋಗಿದ್ದರಿಂದ ಇದೇನು ಎಂದು ಕೇಳುವವರೂ ಇರಲಿಲ್ಲ.

ಅಲಾರಂ ಆರಿಸಿ ಮತ್ತೆ ಮಲಗಿದವನು ಏಳೂವರೆಗೆ ಎದ್ದು ಬಂದರೆ ಅಂಗಳ ಬಿಕೋ ಅನ್ನುತ್ತಿತ್ತು. ಕಂಬಳಿ ತಂತಿಯ ಮೇಲೆ ಬಿಸಿಲು ಕಾಯಿಸುತ್ತಿತ್ತು. ಮುಟ್ಟಿ ನೋಡಿದ. ಒಂದು ಅಂಚು ತಣ್ಣಗಿತ್ತು, ಅದು ಒದ್ದೆಯೋ ಚಳಿಯೋ ತಿಳಿಯಲಿಲ್ಲ.

ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಜಯಲಕ್ಷ್ಮಮ್ಮನ ಹತ್ತಿರ ಓಡಿದ. "ಜಯಕ್ಕ, ನೀವು ಎತ್ತಿದಾಗ ಕಂಬಳಿ ಒದ್ದೆಯಿತ್ತಾ, ಒಣಗಿತ್ತಾ?"

ಆಕೆ ಯಾಕೆ ಎಂದರು. ಹೇಳದೆ ವಿಧಿಯಿರಲಿಲ್ಲ. ಪೂರ್ತಿ ಕೇಳಿದ ಮೇಲೆ ಆಕೆಗೆ ಎಲ್ಲ ಸಲೀಸಾಗಿ ಅರ್ಥವಾಯಿತು. "ಅಪ್ಪಣೆ ಕೇಳಿದ್ದೆ ಅನ್ನು. ನಾವೂ ದೇವ್ರ ಮೇಲೆ ಹೂ ಇಟ್ಟು ಬಲಕ್ಕೆ ಬೀಳ್ತದಾ ಎಡಕ್ಕೆ ಬೀಳ್ತದಾ ಅಂತ ಕಾಯಾಕಿಲ್ವಾ, ಅಂಗೇ." ಮರುಗಳಿಗೆಯೇ, ಬಿದ್ದ ಹೂವನ್ನು ಗುಡಿಸಿ ಹಾಕಿದವರ ಹಾಗೆ ಆಕೆಯ ಮುಖ ಇಳಿಯಿತು. ಕಣ್ಣು ಮುಚ್ಚಿ ಯೋಚಿಸಿದರು, ಅಂಗೈ ಮೂಸಿ ನೋಡಿಕೊಂಡರು. ಕೊನೆಗೆ ಅವನನ್ನೇ ದಿಟ್ಟಿಸಿ ಮೆಲ್ಲಗೆ ಅಂದರು: "ನಿಂಗೆ ಯಾವ್ದಾಗ್ಬೇಕು ಹೇಳು ಮಗ. ಅಂಗೇ ಇತ್ತು ಬುಡು."

ಕಾಂತರಾಜನಿಗೆ ಬೇಕಿದ್ದದ್ದು ಸಾಕ್ಷಿ. ಆಕೆ ಕಂಬಳಿ ಎತ್ತಿದ ಆರು ಗಂಟೆಗೆ ಬೀದಿಯಲ್ಲಿದ್ದವನೆಂದರೆ ಹಾಲಿನ ಚಿಕ್ಕಮಾದು. ಫೋನನ್ನು ಆ ಜಗಲಿಯ ಮೇಲೇ ಮರೆತು ಕಾಂತರಾಜ ಅವನ ಬೆನ್ನು ಹತ್ತಿದ.

ಚಿಕ್ಕಮಾದು ಬೀದಿಯ ಕೊನೆಯಲ್ಲಿ ಸಿಕ್ಕಿದ. ಒದ್ದೆ ಅಂದರೆ ಅಂತಿಂಥ ಒದ್ದೆಯೇ, ಆಯಮ್ಮ ಕೊಡವಿದ ಏಟಿಗೆ ಹನಿಗಳು ತನ್ನ ಮುಖಕ್ಕೆ, ಸೈಕಲ್ಲಿಗೆ, ಕ್ಯಾನಿಗೆಲ್ಲ ಎರಚಿದವು ಎಂದು ವರ್ಣಿಸಿದ. ಕಾಂತರಾಜನ ಎದೆ ಹಗುರವಾಯಿತು. ಅಷ್ಟರಲ್ಲಿ ಪಾತ್ರೆ ಹಿಡಿದು ನಿಂತಿದ್ದ ಹೆಂಗಸು, ಹಾಗಾದರೆ ಹಾಲಿಗೆ ನೀರು ಬರುವುದು ಆ ಕಂಬಳಿಯಿಂದಲೋ ಎಂದಳು. ಚಿಕ್ಕಮಾದು ತಕ್ಷಣ ಹೇಳಿಕೆ ಬದಲಿಸಿದ. ಒಂದು ಹನಿಯೂ ಹಾರಲಿಲ್ಲ, ಕಂಬಳಿ ಸೌದೆಯ ಹಾಗೆ ಒಣಗಿತ್ತು, ಬೇಕಾದರೆ ಎಮ್ಮೆಯ ಮೇಲೆ ಆಣೆ ಮಾಡುತ್ತೇನೆ ಎಂದು ಪೆಡಲ್ಲು ತುಳಿದ.

ಸುದ್ದಿ ಕಾಂತರಾಜನಿಗಿಂತ ಮೊದಲೇ ಧರ್ಮೇಂದ್ರನ ಹೋಟೆಲ್ಲಿಗೆ ತಲುಪಿತ್ತು. ಧರ್ಮೇಂದ್ರ ಅವನ ಜೊತೆ ಓದಿದ ಗೆಳೆಯ. ಕೊಡವಿದಾಗ ರಾಗಿಹಿಟ್ಟಿನ ಹಾಗೆ ದೂಳು ಎದ್ದಿದ್ದನ್ನು ತಾನು ಬಾಗಿಲಲ್ಲಿ ನಿಂತು ಕಂಡೆ ಎಂದು ಅವನು ಗಲ್ಲಾದಿಂದಲೇ ಸಾರಿದ. ಗೋಡೆ ಪಕ್ಕದ ಟೇಬಲ್ಲಿನವರು, ಡಿಸೆಂಬರಿನಲ್ಲಿ ಬಯಲಿಗೆ ಬಿದ್ದ ಕಂಬಳಿ ಒಣಗಿರುವುದು ಹೇಗೆ ಎಂದು ಕೇಳಿದರು. ಹತ್ತು ಗಂಟೆಗೆ ಹೋಟೆಲ್ಲು ಎರಡು ಪಕ್ಷವಾಗಿತ್ತು. ಕಂಬಳಿಯನ್ನು ಕಣ್ಣಲ್ಲೂ ನೋಡದವರು ಅದರ ಅಂಚು, ಜಾಲರಿ, ತೂಕಗಳನ್ನು ವಿವರಿಸುತ್ತಿದ್ದರು.

"ಲೋ ಕಾಂತ," ಧರ್ಮೇಂದ್ರ ಅವನ ತಟ್ಟೆಗೆ ಇನ್ನೊಂದು ಇಡ್ಲಿ ಇಟ್ಟು ಪಕ್ಕದಲ್ಲಿ ಕೂತ. "ಪೆಟ್ರೋಲಿಗೂ ಸಾಲದ ಕೆಲಸಕ್ಕೆ ದೇವ್ರು ಯಾಕ್ಲಾ ಕಂಬಳಿ ನೆನೆಸ್ತಾನೆ? ಕೋಟು ಹಾಕ್ಕೊಂಡು ರಿಸಾರ್ಟಲ್ಲಿ ನಿಂತ್ಕೊ. ಹೆಣ್ಣು ಕೊಡೋರೂ ಬತ್ತಾರೆ."

ಆಗಲೇ ಕಾಂತರಾಜ ಒಂದನ್ನು ಗಮನಿಸಿದ್ದು. ಯಾರಾದರೂ ಒಣಗಿತ್ತು ಅಂದಾಗ ಇಡ್ಲಿ ಗಂಟಲಲ್ಲೇ ನಿಲ್ಲುತ್ತಿತ್ತು, ಒದ್ದೆಯಿತ್ತು ಅಂದಾಗ ತಾನಾಗಿ ಇಳಿಯುತ್ತಿತ್ತು. ಕೈ ತೊಳೆದು, ಯಾರಿಗೂ ಹೇಳದೆ ಲಕ್ಷ್ಮಣತೀರ್ಥದ ದಂಡೆಗೆ ಹೋಗಿ ಕೂತ.

ಹೊಳೆಯಲ್ಲಿ ನೀರು ಕಮ್ಮಿಯಿತ್ತು. ಸುಮ್ಮನೆ ಒಂದು ಸಾಲು ಬಾಯಿಗೆ ಬಂತು. ತಾತನ ಸಾಲು ತಾನೇ ಹೇಳಿದ, ತನ್ನ ಸಾಲನ್ನೂ ತಾನೇ ಹೇಳಿದ. ಹಾಗೇ ಒಂದಾದ ಮೇಲೊಂದು ಬಂದವು. ಇಪ್ಪತ್ತು ವರ್ಷ ಎಲ್ಲಿದ್ದವೋ, ಸಾಲಿಗೆ ಸಾಲು ಕೈ ಹಿಡಿದುಕೊಂಡು, ರಾಗಿ ಹೊಲ, ಹುಣಸೆ ಸಾಲು, ಕಾಡಂಚಿನ ಆ ಪುಟ್ಟ ಮನೆಗಳನ್ನು ಹಿಂದೆ ಹಾಕಿಕೊಂಡು ಬಂದವು. ನಾಲ್ಕು ಗಂಟೆಯಾದರೂ ಎಲ್ಲೂ ಬೆಲ್ಲು ಕೇಳಿಸಲಿಲ್ಲ. ಕಂಬಳಿ ಹೇಗಾದರೂ ಇರಲಿ, ತನ್ನ ಕೆಲಸ ಯಾವುದೆಂದು ಕಾಂತರಾಜನಿಗೆ ತಿಳಿದುಹೋಗಿತ್ತು. ಜನ್ಮದಲ್ಲಿ ಮೊದಲ ಸಲ ಅವನು ಒಂದು ಉದ್ಯೋಗದ ಕಡೆಗೆ ಓಡುತ್ತಾ ಹೋದ.

ಅಯ್ಯನವರು ಮನೆಯ ಮುಂದೆ ಕ್ರಿಸ್ಮಸ್ ನಕ್ಷತ್ರಕ್ಕೆ ವೈರು ಸುತ್ತುತ್ತಿದ್ದರು. ಕಾಂತರಾಜ ಏದುಸಿರಲ್ಲೇ, ನಾನು ಉಪದೇಶಿಯಾಗುತ್ತೇನೆ ಅಯ್ಯನವರೇ ಎಂದ. ಅವರು ಸ್ಟೂಲಿನಿಂದ ನಿಧಾನವಾಗಿ ಇಳಿದರು.

ಮಧ್ಯಾಹ್ನವೇ ಧರ್ಮೇಂದ್ರ ಬಂದು ಹೋದನಂತೆ. ಕಂಬಳಿ ಒಣಗಿತ್ತು, ದೇವರು ಬೇಡ ಅಂದುಬಿಟ್ಟ, ಹುಡುಗ ನಾಚಿಕೆಯಿಂದ ಹೊಳೆದಂಡೆಯಲ್ಲಿ ಕೂತಿದ್ದಾನೆ, ನೀವು ಕಾಯಬೇಡಿ ಎಂದನಂತೆ.

"ದೇವರಿಗೆ ಅಡ್ಡ ನಿಲ್ಲೋಕೆ ನಾನ್ಯಾರು ಅಂತ ರಾವಂದೂರಿನ ಹುಡುಗನ ಹೆಸರು ಕಳಿಸಿಬಿಟ್ಟೆನಪ್ಪ," ಎಂದರು ಅಯ್ಯನವರು.

"ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲ ಅಯ್ಯನವರೇ."

"ನೀನು ಕಂಬಳಿಯನ್ನ ಕೇಳಿದೆಯಲ್ಲಪ್ಪ."

ಕಾಂತರಾಜನ ಮುಖ ಒಣಗಿಸಲೆಂದು ಬ್ಯಾರನ್ನಿನಲ್ಲಿ ಕಟ್ಟಿದ ಹೊಗೆಸೊಪ್ಪಿನ ಹಾಗೆ ಜೋತುಬಿತ್ತು. ಆದರೂ ಐದಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಹೊಟ್ಟೆಪಾಡಿಗೆ ರಿಸಾರ್ಟಾದರೂ ಇರಲಿ ಎಂದುಕೊಂಡು, ಜಗಲಿಯಲ್ಲಿ ಮರೆತ ಫೋನು ನೆನಪಾಗಿ ಮನೆ ಕಡೆ ಹೆಜ್ಜೆ ಹಾಕಿದ.

ಜಯಲಕ್ಷ್ಮಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಕೊಟ್ಟರು. "ಯಾರೋ ಮ್ಯಾನೇಜರಂತೆ, ಮೂರು ಸಲ ಮಾಡ್ದ. ಪಾಪ, ಯಾಕೆ ಕಾಯಿಸೋದು ಅಂತ ನಾನೇ ಯೋಳ್ದೆ. ನಮ್ಮ ಹುಡುಗ ದೇವ್ರ ಕೆಲ್ಸಕ್ಕೆ ಹೋದ, ಬೇರೇರ್ನ ನೋಡ್ಕಳಿ ಅಂತ."

"ಕಂಬಳಿ ಒದ್ದೆಯಿತ್ತು ಅಂತ ನಿಮಗೆ ನೆನಪಾಯ್ತಾ ಅಕ್ಕ?"

"ಕಂಬಳಿ ಯಾರಿಗೆ ಗೊತ್ತು. ಬೆಳಿಗ್ಗೆ ಯಾವ್ದಾಗ್ಬೇಕು ಅಂತ ಕೇಳ್ದಾಗ ನಿನ್ನ ಮೊಕ ನೋಡಿದ್ನಲ್ಲ."

ಕಾಂತರಾಜ ರಿಸಾರ್ಟಿಗೆ ಫೋನು ಮಾಡಿದ. ಬೇರೆಯವರನ್ನು ತೆಗೆದುಕೊಂಡಾಯಿತು ಎಂದು ಮ್ಯಾನೇಜರು ಮರ್ಯಾದೆಯಾಗಿ ಹೇಳಿ, ತಮ್ಮ ಮಗಳ ಪರೀಕ್ಷೆಗೆ ಪ್ರಾರ್ಥನೆ ಮಾಡಿ ಎಂದು ಕೇಳಿಕೊಂಡರು.

ವಿಷಯ ಬೀದಿಗೆ ಗೊತ್ತಾಗಲು ಕಾಲು ಗಂಟೆಯೂ ಹಿಡಿಯಲಿಲ್ಲ. ಧರ್ಮೇಂದ್ರ ತಲೆ ತಗ್ಗಿಸಿಕೊಂಡು ಬಂದು ಹೋದ. ಹೊತ್ತು ಮುಳುಗುವಾಗ ಕಾಂತರಾಜ ಬಾಗಿಲಿಗೆ ಬಂದು ನೋಡಿದರೆ ಬೀದಿಯ ಒಂದೊಂದು ಅಂಗಳದಲ್ಲೂ ಒಂದೊಂದು ಕಂಬಳಿ, ಇಲ್ಲದವರ ಮನೆಯ ಮುಂದೆ ರಗ್ಗು, ಹೋಟೆಲ್ಲಿನ ಮುಂದೆ ಟೇಬಲ್ಲಿನ ಬಟ್ಟೆ. ಒಟ್ಟು ಎಂಟು. ಯಾರ ಯಾರ ಪ್ರಶ್ನೆ ಏನು ಎಂದು ಜಯಲಕ್ಷ್ಮಮ್ಮನನ್ನು ಕೇಳಿದ.

"ಇನ್ನೇನು, ಎಲ್ರದ್ದೂ ಒಂದೇ. ನಿಂಗೆ ಕೆಲ್ಸ ಸಿಗ್ತದಾ ಅಂತ."

ಅವನು ಆ ಎಂಟನ್ನೂ ಇನ್ನೊಂದು ಸಲ ಎಣಿಸಿದ. ಸಿಗುವುದಾದರೆ ಕಂಬಳಿ ಹೇಗಿರಬೇಕು ಎಂದು ವಿಚಾರಿಸಿದ. ಒದ್ದೆಯಿರಬೇಕು ಅಂತ ಮೂರು ಮನೆಯವರು ಕೇಳಿಕೊಂಡಿದ್ದರಂತೆ, ಒಣಗಿರಬೇಕು ಅಂತ ನಾಲ್ಕು ಮನೆಯವರು. ಚಿಕ್ಕಮಾದು ಮಾತ್ರ, ಬೆಳಿಗ್ಗೆ ನೋಡಿಕೊಂಡು ಹೇಳುತ್ತೇನೆ ಅಂದಿದ್ದನಂತೆ.